ಹೆಸರಿಲ್ಲದ ಕಲ್ಲು

ಒಮಾನಿನ ಸೊಹಾರ್ ಬಸ್ ಸ್ಟ್ಯಾಂಡಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದ್ದೇ ಸುವರ್ಣಾಳ ಕಿವಿ ಅತ್ತ ಹೋಯಿತು. ಮಂಗಳೂರು ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳುತ್ತಿದ್ದಳು.

“ಇದ್ದಿನಬ್ಬನ ಗೋರಿಯ ಕಲ್ಲಿನ ಮೇಲೆ ನೀವು ಹೆಸರು ಬರೆದಿದ್ರಂತೆ, ಹೌದಾ ಕೊಗ್ಗಣ್ಣ?”

“ಹೌದು. ಇಪ್ಪತ್ತು ವರ್ಷ ನನ್ನೊಟ್ಟಿಗೆ ಒಂದೇ ರೂಮಿನಲ್ಲಿ ಇದ್ದವ. ಹಸಿರು ಪೈಂಟಿನಲ್ಲಿ ಚಂದ ಮಾಡಿ ಕನ್ನಡದಲ್ಲೇ ಬರೆದೆ.”

“ಮತ್ತೆ?”

“ಮಸೀದಿಯ ಅಜ್ಜ ಸಿಟ್ಟು ಮಾಡ್ಲಿಲ್ಲ. ಪ್ರವಾದಿಯವರ ಪತ್ರ ಬಂದು ಒಮಾನ್ ಇಸ್ಲಾಮಿಗೆ ಸೇರಿದ ಕಾಲದಿಂದ ಇಲ್ಲಿ ದೊರೆಗೂ ಕೂಲಿಗೂ ಒಂದೇ ನಮೂನೆ ಕಲ್ಲು, ಹೆಸರು ದೇವರಿಗೆ ಗೊತ್ತುಂಟು ಅಂದ್ರು. ನಾನೇ ಉಜ್ಜಿ ತೆಗೆದೆ. ಆಮೇಲೆ ಅದರ ಪಕ್ಕ ಇನ್ನೂ ನಾಲ್ಕು ಗೋರಿ ಆಯ್ತು. ನಿನ್ನೆ ಹೋದ್ರೆ ಅವನದ್ದು ಯಾವುದು ಅಂತ ಗೊತ್ತಾಗ್ಲಿಲ್ಲ.”

“ಊರಿಂದ ಅವನ ಹೆಂಡತಿ ಗೋರಿಯ ಫೋಟೋ ಕೇಳಿದ್ರಲ್ಲ?”

“ಎಲ್ಲ ಕಲ್ಲುಗಳೂ ಬರುವ ಹಾಗೆ ತೆಗೆದು ಕಳಿಸಿದೆ. ಇದರಲ್ಲಿ ಯಾವುದು ಅಂತ ಕೇಳಿದ್ರೆ ಏನು ಹೇಳುದು ಅಂತ ಹೆದರಿಕೆ ಇತ್ತು.”

“ಕೇಳಿದ್ರಾ?”

“ಇಲ್ಲ. ಅಷ್ಟೂ ಜನರಿಗಾಗಿ ದೇವರಲ್ಲಿ ಬೇಡಿ ದುವಾ ಮಾಡಿದ್ದೇನೆ ಅಣ್ಣ, ಅದರಲ್ಲಿ ಅವರಿಗೂ ಸೇರ್ತದೆ ಅಂದಳು.”

ಬಸ್ಸು ಬಂತು. ಕೊಗ್ಗಣ್ಣ ಕಂಬಿ ಹಿಡಿದು ಹತ್ತುವಾಗ ಸುವರ್ಣಾ ನೋಡಿದಳು: ಅವರ ಅಂಗಿಯ ತೋಳಿನ ಹಸಿರು ಪೈಂಟು ಇನ್ನೂ ಹೋಗಿರಲಿಲ್ಲ.