ಬೇಲಿಯ ಮೇಲಿನ ಉಸಲಿ

ಅಮೆರಿಕದ ದಕ್ಷಿಣದ ಒಂದು ಊರಿನಲ್ಲಿ ನಮ್ಮ ನಂಜನಗೂಡು ಕಡೆಯ ಸಿರಿವಂತ ಸಂಸಾರವೊಂದಿತ್ತು. ಗಂಡ ಹೃದಯದ ಡಾಕ್ಟರು, ಹೆಂಡತಿ ಸುಧಾರಾಣಿ. ಹೊಸದಾಗಿ ಹೋದಾಗ ಆಕೆಯ ಮೈಬಣ್ಣ ನೋಡಿ, ಏನಾದರೂ ಎತ್ತಿಕೊಂಡಾಳೆಂದು ಅಂಗಡಿಯವರು ಹಿಂದೆ ಹಿಂದೆಯೇ ಸುತ್ತುತ್ತಿದ್ದರಂತೆ. ಮನೆಗೆ ಬಂದು ಅತ್ತಿದ್ದಳು, ಪಾಪ. ನೋವು ತಿಂದವರು ಇನ್ನೊಬ್ಬರಿಗೆ ಅದೇ ನೋವು ಕೊಡುವುದಿಲ್ಲ ಅಂದುಕೊಳ್ಳುತ್ತೇವೆ, ಅಲ್ಲವೇ? ಮುಂದೆ ಕೇಳಿ.

ಪಕ್ಕದ ಮನೆಯಲ್ಲಿ ಡೆಲೋರಿಸ್ ಎಂಬ ಕಪ್ಪು ಜನಾಂಗದ ಹಿರಿಯ ಹೆಂಗಸು, ನರ್ಸ್ ಆಗಿ ನಿವೃತ್ತರಾದವರು. ಪ್ರತಿ ನವರಾತ್ರಿಗೂ ಸುಧಾರಾಣಿ ಗೊಂಬೆ ಕೂರಿಸಿ ಬೀದಿಯ ಬಿಳಿಯ ಹೆಂಗಸರನ್ನೆಲ್ಲ ಕರೆಯುತ್ತಿದ್ದಳು. ಡೆಲೋರಿಸ್‌ಗೆ ಮಾತ್ರ ಅಲಸಂದೆ ಕಾಳಿನ ಉಸಲಿಯನ್ನು ಡಬ್ಬಿಗೆ ತುಂಬಿ ಬೇಲಿಯ ಮೇಲಿಂದ ಕೊಡುತ್ತಿದ್ದಳು. ನಗುನಗುತ್ತಲೇ ಕೊಡುತ್ತಿದ್ದಳು, ನೋಡಿ. ಕೊಟ್ಟೆನಲ್ಲ ಎಂಬ ಸಮಾಧಾನ ಬೇರೆ.

ಒಂದು ವರ್ಷ ಊರಿಂದ ಅತ್ತೆ ನಂಜಮ್ಮ ಬಂದರು. ಆಕೆಗೆ ಇಂಗ್ಲಿಷ್ ಬಾರದು, ಡೆಲೋರಿಸ್‌ಗೆ ಕನ್ನಡ ಬಾರದು. ಆದರೂ ಹಿತ್ತಿಲ ಬೆಂಡೆಕಾಯಿ ಗಿಡಗಳ ನೆಪದಲ್ಲಿ ಇಬ್ಬರೂ ಬೇಲಿಗೆ ಒರಗಿ ಗಂಟೆಗಟ್ಟಲೆ ನಗುತ್ತಿದ್ದರು. ಹಬ್ಬದ ಸಂಜೆ ಬಂತು. ನಡುಮನೆ ತುಂಬಿತು. ನಂಜಮ್ಮ ಸುತ್ತ ನೋಡಿದರು. ಗೆಳತಿ ಇಲ್ಲ. ಸೊಸೆಯನ್ನು ಅಡುಗೆಮನೆಗೆ ಕರೆದು ಕೇಳಿದರು. ಅವರು ಮಾಂಸ ತಿನ್ನುವವರು, ದೇವರ ಮುಂದೆ ಹೇಗೆ ಎಂದು ಸೊಸೆ ಗೊಣಗಿದಳು.

"ಅಲ್ಲ ಕಣೇ, ಒಳಗೆ ಕೂತಿರೋ ಬಿಳೀ ಅಮ್ಮಣ್ಣೀರೆಲ್ಲ ಏಕಾದಶಿ ಮಾಡ್ತಾರಾ?"

ಮಾಂಸದ ಮಾತು ಬರೀ ನೆಪ. ನಿಜ ಬೇರೆಯೇ ಇತ್ತು. ಡೆಲೋರಿಸ್ ಜೊತೆ ಕೂತರೆ ಆ ಬಿಳಿಯರು ತನ್ನನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟರೆ? ಕಷ್ಟಪಟ್ಟು ಗಳಿಸಿದ ಮರ್ಯಾದೆ ಏನಾಗಬೇಕು?

"ಅವಳು ಬರೋವರ್ಗೂ ನಾನು ಆರತಿ ಎತ್ತಲ್ಲ" ಎಂದು ನಂಜಮ್ಮ ಕುಂಕುಮದ ಭರಣಿ ಹಿಡಿದು, ಎಲ್ಲರ ಎದುರೇ ಮುಂಬಾಗಿಲಿಂದ ಹೊರಟರು. ಸೊಸೆ ಹಿಂದೆಯೇ ಓಡಿದಳು.

ಡೆಲೋರಿಸ್ ಬಾಗಿಲು ತೆರೆದರು. ಭರಣಿ ನೋಡಿದರು, ಸುಧಾರಾಣಿಯ ಮುಖ ನೋಡಿದರು. ಸಿಟ್ಟಿಲ್ಲದೆ, ತಮ್ಮ ಭಾಷೆಯಲ್ಲಿ ಹೇಳಿದರು: "ನಿಮ್ಮ ಹಬ್ಬದ ರುಚಿ ನನಗೆ ಚೆನ್ನಾಗಿ ಗೊತ್ತು ಮಗಳೇ. ನಿಮ್ಮ ಹಬ್ಬ ಹೇಗಿರುತ್ತೆ ಅಂತ ಮಾತ್ರ ಗೊತ್ತಿಲ್ಲ."

ಸುಧಾರಾಣಿಗೆ ಹಳೆಯ ಅಂಗಡಿ ಕಣ್ಣ ಮುಂದೆ ಬಂತು. ಅತ್ತೆಯ ಕೈಯಿಂದ ಭರಣಿ ತೆಗೆದುಕೊಂಡು, ತಪ್ಪಾಯಿತು ಎಂದು ಹೇಳಿ, ಹೊಸ್ತಿಲಲ್ಲೇ ಕುಂಕುಮ ಇಟ್ಟು ಕರೆದಳು. "ಹಾಗೇ ಬರಕ್ಕಾಗತ್ತಾ, ತಡೀರಿ" ಎಂಬ ಧಾಟಿಯಲ್ಲಿ ಡೆಲೋರಿಸ್ ಕೈಯಾಡಿಸಿ ಒಳಗೆ ಹೋದರು. ಬಂದಾಗ ತಲೆಯ ಮೇಲೆ ಚರ್ಚಿಗೆ ಹಾಕುವ ಹಳದಿ ಟೋಪಿ, ದೊಡ್ಡ ಮೊರದಷ್ಟಿತ್ತು! ನಂಜಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಗೊಂಬೆಯ ಮುಂದೆ ಬಂದವರನ್ನು ಹಾಡಿಸುವುದು ನಮ್ಮ ಪದ್ಧತಿ ತಾನೇ? ಬಿಳಿಯ ಹೆಂಗಸರು ಪ್ರತಿ ವರ್ಷ ನಾಚಿಕೊಂಡು ತಲೆಯಾಡಿಸುತ್ತಿದ್ದರು. ಡೆಲೋರಿಸ್ ನಾಚಲಿಲ್ಲ. ಚರ್ಚಿನಲ್ಲಿ ಹಾಡಿ ಪಳಗಿದ ಗಂಟಲು. ಹಾಡು ಎದ್ದದ್ದೇ ಎದ್ದದ್ದು, ಕಿಟಕಿಯ ಗಾಜು ಗುಂಯ್ ಎಂದಿತು. ನಂಜಮ್ಮ ತೊಡೆಯ ಮೇಲೆ ತಾಳ ಹಾಕಿದರು, ಬಿಳಿಯ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಧಾರಾಣಿ ಹೆದರಿದ್ದ ಯಾವುದೂ ಆಗಲಿಲ್ಲ. ಆ ಮನೆಯಲ್ಲಿ ಹಬ್ಬ ನಿಜವಾಗಿ ಆದದ್ದು ಅಂದೇ.

ತಾಯಂದಿರೇ, ಅಮೆರಿಕದವರ ಕಥೆ ಎಂದು ಹಾಯಾಗಿ ತಲೆದೂಗುತ್ತಿದ್ದೀರಿ. ಬೇಲಿ ಅಲ್ಲಿ ಮಾತ್ರ ಇದೆಯೇ? ನಿಮ್ಮ ಪಾತ್ರೆ ತೊಳೆಯುವಾಕೆಗೆ ನಿನ್ನೆ ಉಸಲಿಯನ್ನು ಎಲ್ಲಿ ಕೊಟ್ಟಿರಿ? ಹಿತ್ತಿಲಲ್ಲೋ, ಬಾಗಿಲ ಸಂದಿಯಲ್ಲೋ? ನಾಳೆ ಆಕೆಯನ್ನು ಮುಂಬಾಗಿಲಿಂದ ಕರೆಯಿರಿ. ಗೊಂಬೆಯ ಮುಂದೆ ಚಾಪೆ ಹಾಸಿ ಕೂರಿಸಿ, ಎಲ್ಲರಿಗೂ ಕೊಡುವ ತಟ್ಟೆಯಲ್ಲೇ ಕೊಡಿ. ಒಂದು ಹಾಡು ಹೇಳಮ್ಮ ಎನ್ನಿ. ಬೇಡಕ್ಕ ಎನ್ನುತ್ತಾಳೆ. ಮತ್ತೆ ಕೇಳಿ. ನಿಮ್ಮ ಗೊಂಬೆ ನೋಡಲು ಬಂದ ಜಡ್ಜ್ ಸಾಹೇಬರ ಹೆಂಡತಿ ಹಾಡು ಬೇಡ ಎಂದಾಗ ಅಷ್ಟಕ್ಕೇ ಬಿಟ್ಟಿದ್ದಿರೇನು?