ಎಮ್ಮೆಗೆಂದು ಕಟ್ಟಿಟ್ಟ ಸಿಪ್ಪೆ

ನವನಗರದ ದನದ ದವಾಖಾನೆಯ ಮುಂದೆ ಆಡು ಹಿಡಿದು ಕೂತಿದ್ದ ಕಲ್ಲಪ್ಪನಿಗೆ ತನ್ನ ಸರದಿಯೇ ಮರೆತುಹೋಗಿತ್ತು. ಹೊಟ್ಟೆ ಉಬ್ಬಿದ ಎಮ್ಮೆಯ ಪಕ್ಕ ನಿಂತು ಶಾರವ್ವ ನೆರೆಮನೆಯ ರೋಹಿಣಿಯ ಮೇಲೆ ಹರಿಹಾಯುತ್ತಿದ್ದಳು.

“ಕಾಯಿಪಲ್ಲೆ ಸಿಪ್ಪಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಯಾಕ ಒಗದಿ?”

“ಒಗೀಲಿಲ್ರಿ ಕಾಕು. ನಿಮ್ಮ ಎಮ್ಮಿಗಂತನ ಇಟ್ಟಿದ್ದೆ. ಇರುವಿ ಹತ್ತಬಾರದಂತ ಗಂಟು ಹಾಕಿದೆ.”

“ಗಂಟು ಬಿಚ್ಚಾಕ ಎಮ್ಮಿಗೆ ಕೈ ಅದಾವೇನ? ಚೀಲಾನೂ ನುಂಗೇತಿ!”

“ನಂಗ ತಿಳೀಲಿಲ್ರಿ.”

“ಮನ್ಯಾಗ ಒಂದು ಹಳೇ ಬುಟ್ಟಿ ಇರಲಿಲ್ಲೇನ? ಅದರಾಗ ಹಾಕಿ ಕಟ್ಟಿಮ್ಯಾಲಿಟ್ಟಿದ್ರ ನಾನ ಬಂದು ಒಯ್ತಿದ್ದೆ.”

“ಇವತ್ತಿಂದ ಬುಟ್ಟ್ಯಾಗ ಇಡ್ತೇನ್ರಿ.”

“ತಿನ್ನಾಕ ಇದು ಉಳೀಬೇಕಲ್ಲ!”

ಒಳಗಿನಿಂದ ಡಾಕ್ಟರು ಕರೆದರು. ಎಮ್ಮೆ ಹೆಜ್ಜೆ ಕೀಳಲಿಲ್ಲ.

“ಅಳಕೋತ ನಿಂತ್ರ ಆತೇನ? ಹಿಂದಿನಿಂದ ನೂಕು!”

ಶಾರವ್ವ ಹಗ್ಗ ಎಳೆದಳು. ರೋಹಿಣಿ ಸೆರಗು ಸಿಕ್ಕಿಸಿ ನೂಕಿದಳು. ಎಮ್ಮೆಯೊಂದಿಗೆ ಇಬ್ಬರೂ ಒಳಗೆ ಹೋದರು.