ಹಿತ್ತಲ ಮಣ್ಣು

ಭಾನುವಾರ ದೇವಸ್ಥಾನದ ಕ್ಯಾಂಟೀನ್ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಆಂಟಿ, ಅವರ ಪರಿಚಯದ ಯುವಕ ನಿಂತಿದ್ದರು.

"ಆ ಹಳೇ ಫ್ಯಾಕ್ಟರಿ ಪಕ್ಕದ ಹೊಸ ಲೇಔಟಲ್ಲೇ ಕಣೋ ಅಕ್ಷೋಭ್ಯ, ನನ್ನ ಮಗ ಮನೆ ತಗೋತಿರೋದು. ಶುಕ್ರವಾರ ಕ್ಲೋಸಿಂಗ್, ಸೈನ್ ಹಾಕಿ ದುಡ್ಡು ಕೊಟ್ರೆ ಮನೆ ನಮ್ದು."

"ಹೌದಾ, ಆಂಟಿ."

"ಅಲ್ಲಿ ಹೂತಿದ್ದ ನ್ಯೂಕ್ಲಿಯರ್ ವೇಸ್ಟೆಲ್ಲ ತೆಗೆದು ಕ್ಲೀನ್ ಮಾಡಿದಾರಂತೆ. ಸರಿಯಾಗಿ ಮಾಡಿದಾರಾ ಅಂತ ನೋಡೋದು ನಿಮ್ಮ ಸ್ಟೇಟ್ ಆಫೀಸೇ ತಾನೆ?"

"ನಾವೇ. ಮಣ್ಣು ಟೆಸ್ಟ್ ಮಾಡಿದೀವಿ."

"ಏನು ಬಂತು?"

"ರಿಪೋರ್ಟ್ ಇನ್ನೂ ಪಬ್ಲಿಕ್ ಆಗಿಲ್ಲ. ಅಲ್ಲೀವರೆಗೂ ನಾನು ಬಾಯಿ ಬಿಡೋ ಹಾಗಿಲ್ಲ. ಕೆಲಸ ಹೋಗತ್ತೆ."

"ನನ್ನ ಹತ್ರಾನೂ?"

"ಯಾರ ಹತ್ರಾನೂ."

"ಶುಕ್ರವಾರದೊಳಗೆ ಬರತ್ತಾ?"

"ಇಲ್ಲ, ಆಂಟಿ. ತಿಂಗಳುಗಟ್ಲೆ ಆಗತ್ತೆ."

"ನಾವು ಈಗಿರೋ ಶಾಮ್‌ಬರ್ಗ್ ಅಪಾರ್ಟ್‌ಮೆಂಟ್ ಬಿಡ್ತೀವಿ ಅಂತ ಹೇಳಿಯಾಗಿದೆ. ಬೇರೆಯವ್ರು ಬರ್ತಿದಾರೆ."

ಅವನು ಗೋಡೆಯ ಮೇಲಿನ ಬೋರ್ಡು ಓದತೊಡಗಿದ. ಅದರಲ್ಲಿದ್ದದ್ದು ನಾಲ್ಕೇ ತಿಂಡಿ.

"ಹೋಗ್ಲಿ ಬಿಡು. ಗೃಹಪ್ರವೇಶಕ್ಕಾದ್ರೂ ಬರ್ತೀಯಲ್ಲ?"

"ಖಂಡಿತ ಬರ್ತೀನಿ."

"ಮಗಳನ್ನೂ ಕರ್ಕೊಂಡು ಬಾ. ಹಿತ್ತಲು ದೊಡ್ಡದಿದೆ, ಮಗು ಮಣ್ಣಲ್ಲಿ ಆಡ್ಕೊಂಡಿರ್ಲಿ."

"ಅವತ್ತು ಅವಳಿಗೆ ಸ್ವಿಮ್ಮಿಂಗ್ ಕ್ಲಾಸಿದೆ, ಆಂಟಿ."

ಆಂಟಿ ಪೂರ್ತಿ ಅವನ ಕಡೆ ತಿರುಗಿದರು.

"ಯಾವತ್ತು ಅಂತ ನಾನಿನ್ನೂ ಹೇಳೇ ಇಲ್ವಲ್ಲೋ."

ಆಂಟಿ ಬ್ಯಾಗಿನಿಂದ ಫೋನ್ ತೆಗೆದು, ಮಗನಿಗೆ ಕರೆ ಮಾಡುತ್ತಾ ಸಾಲು ಬಿಟ್ಟು ಬಾಗಿಲ ಕಡೆ ನಡೆದರು. ಅವನು ತಿರುಗಿ ನೋಡದೆ ಕೌಂಟರಿಗೆ ಹೋಗಿ, "ಒಂದು ದೋಸೆ," ಎಂದ.